ಫೋಟೊದ ಹಿಂದೆ ಹೆಸರು ಬರೆಯುವ ಮೊದಲು ನೀರು ಬಿಡಬೇಡಿ

ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ನಮ್ಮ ಕಡೆ ಮನೆ ಅಳೆಯಲು ಬರುವ ಅಧಿಕಾರಿಗಳಿಗೆ, ಹಾಗೂ ಟ್ರಂಕಿನ ತಳದಲ್ಲಿ ಹಳೇ ಫೋಟೊ ಇಟ್ಟುಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ನಾನು ಹಳೇ ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವಳು. ಈಗ ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಒಂದು ಸೆಕ್ಟರಿನಲ್ಲಿ ಇದ್ದೇನೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಪರಿಹಾರ ಜಾಸ್ತಿ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ಕೇಳುವವರು ಬೇರೆ ಇದ್ದಾರೆ, ಕೇಳಲಿ, ಸಿಗಲಿ. ನಾನು ಕೇಳುವುದು ಊರಿಗೆ ಎರಡು ದಿನ, ಒಂದು ಟೇಬಲ್ಲು, ಒಂದು ಸ್ಕ್ಯಾನರು. ಯಾಕೆ ಎಂದು ಹೇಳುವ ಮೊದಲು ಒಂದು ಫೋಟೊದ ಕಥೆ ಹೇಳುತ್ತೇನೆ.

ಅಂಗೈಗಿಂತ ಸ್ವಲ್ಪ ದೊಡ್ಡ ಫೋಟೊ. ಕಪ್ಪು ಬಿಳುಪು. ಸುತ್ತ ಬಿಳಿ ಅಂಚು, ಅಂಚಿಗೆಲ್ಲ ಹಲ್ಲು ಹಲ್ಲು. ಹಿಂದೆ ನೇರಳೆ ಮಸಿಯ ಸ್ಟುಡಿಯೊ ಮುದ್ರೆ, ಅದರ ಕೆಳಗೆ ಪೆನ್ನಿನಲ್ಲಿ 1961. ಹೋಳಿ ಹುಣ್ಣಿಮೆ, ನಮ್ಮ ಓಣಿ. ನಡುವೆ ಎತ್ತಿನ ಬಂಡಿ, ಬಂಡಿಯ ಮೇಲೆ ಬಣ್ಣದ ಬ್ಯಾರಲ್ಲು. ಬಂಡಿಯ ಮುಂದೆ ಹಲಗಿ ವಾದ್ಯ ಹಿಡಿದ ಗಂಡಸರು. ಅವರ ಮಧ್ಯೆ ಕೋಟು ಹಾಕಿ ರುಮಾಲು ಸುತ್ತಿದ ಒಬ್ಬ ಹಿರಿಯರು. ಫೋಟೊ ತೆಗೆಸಿದ್ದು ಅವರೇ ಇರಬೇಕು. ಇಲ್ಲದಿದ್ದರೆ ಬಾಗಲಕೋಟೆಯ ಹೋಳಿಯಲ್ಲಿ ಅಷ್ಟು ಮಡಿ ಕೋಟು ಹಾಕಿಕೊಂಡು ಯಾರು ಬೀದಿಗೆ ಇಳಿಯುತ್ತಾರೆ?

ಈ ಫೋಟೊ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ತೂಗುತ್ತಿತ್ತು. ಆಗೆಲ್ಲ ಫ್ರೇಮನ್ನು ಮುಂದಕ್ಕೆ ಬಾಗಿಸಿ ಕಟ್ಟುತ್ತಿದ್ದರು. ಹಿಂದಿನ ಸಂದಿಯಲ್ಲಿ ಗುಬ್ಬಿ ಗೂಡು. ನಾನು ಚಿಕ್ಕಂದಿನಲ್ಲಿ ನೋಡಿದ್ದು ಗುಬ್ಬಿಯನ್ನು, ಫೋಟೊವನ್ನಲ್ಲ. ನವನಗರಕ್ಕೆ ಬಂದ ಮೇಲೆ ಒಂದು ಮಧ್ಯಾಹ್ನ ಅದನ್ನು ಫ್ರೇಮಿನಿಂದ ಬಿಡಿಸಿ ಆಯಿಯ, ಅಂದರೆ ನಮ್ಮ ಅಜ್ಜಿಯ, ಕೈಗೆ ಕೊಟ್ಟೆ. ಹೊಸ ಮನೆಯಲ್ಲಿ ಆಕೆಗೆ ಮಾತಾಡಲು ಯಾರೂ ಇರಲಿಲ್ಲ. ಹಳೇ ಊರಿನ ಅಕ್ಕಪಕ್ಕದವರು ಬೇರೆ ಬೇರೆ ಸೆಕ್ಟರಿಗೆ ಹಂಚಿ ಹೋಗಿದ್ದರು.

ಆಯಿ ಕೋಟಿನ ಹಿರಿಯರನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆಕೆಯ ಬೆರಳು ಎಡಗಡೆಯ ಅಂಚಿಗೆ ಹೋಯಿತು. ಅಲ್ಲಿ ಒಂದು ಬಾಗಿಲು. ಬಾಗಿಲ ಮರೆಯಿಂದ ಹೊರಗೆ ಬಂದ ಒಂದು ಕೈ, ಕೈಯಲ್ಲಿ ತಾಮ್ರದ ಕೊಡ. ಅಷ್ಟೇ, ಮುಖವಿಲ್ಲ.

"ಈ ಕೊಡಾ ನಮ್ದ ನೋಡ. ಬಾಯಿ ಹತ್ರ ತಗ್ಗು ಬಿದ್ದೈತಿ. ನಿಮ್ಮಪ್ಪ ಸಣ್ಣಾವಿದ್ದಾಗ ಬಾವ್ಯಾಗ ಬೀಳಿಸಿದ್ದ."

"ಕೈ ಯಾರ್ದ ಆಯಿ?"

"ನಂದ."

ಇಷ್ಟು ವರ್ಷ ನಮ್ಮ ಮನೆಯ ಗೋಡೆಯ ಮೇಲೆ ಇದ್ದ ಫೋಟೊದಲ್ಲಿ ನಮ್ಮ ಆಯಿ ಇದ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಆಕೆ ಬಾಯಿ ಬಿಟ್ಟಳು. ಫೋಟೊದಲ್ಲಿ ಮುಖ ಕಾಣುವವರು ಹದಿಮೂರು ಜನ. ಹನ್ನೊಂದು ಜನರ ಹೆಸರು ಹೇಳಿದಳು. ಬರೀ ಹೆಸರಲ್ಲ. ಇವನು ಯಾರ ಮಗ, ಏನು ಕೆಲಸ, ಯಾರ ಮನೆಗೆ ಅಳಿಯನಾಗಿ ಹೋದ, ಯಾರು ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಬರಲಿಲ್ಲ, ಯಾರು ನಮ್ಮಜ್ಜನ ಹತ್ತಿರ ಸಾಲ ಮಾಡಿ ಇನ್ನೂ ಕೊಟ್ಟಿಲ್ಲ. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ, ಸಾಲದ ವಿಷಯ ಬೇರೆ ಇದೆ. ಕೈಗೆ ಸಿಕ್ಕ ಶಾಲೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದುಕೊಂಡೆ. ಇಬ್ಬರು ಮಾತ್ರ ಆಕೆಗೂ ಹೊಳೆಯಲಿಲ್ಲ. "ನಾಳೆ ನೆನಪಾದ್ರ ಹೇಳ್ತೀನಿ" ಅಂದಳು. 2004ರಲ್ಲಿ ತೀರಿಕೊಂಡಳು.

ಆ ಮಧ್ಯಾಹ್ನ ಕಳೆದಿದ್ದು ಮುಕ್ಕಾಲು ಗಂಟೆ. ಅದಕ್ಕೂ ಮುಂಚೆ ಅದು ಹಳೇ ಹೋಳಿಯ ಒಂದು ಫೋಟೊ. ಆಮೇಲೆ ಒಂದು ಓಣಿ.

ಈಗ ವಿಷಯಕ್ಕೆ ಬರುತ್ತೇನೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ನೀರು ನಮ್ಮ ಅಂಗಳಕ್ಕೆ ಬರಲು ಮೂವತ್ತು ವರ್ಷದ ಮೇಲಾಯಿತು. ಕೃಷ್ಣೆಯ ಹಿನ್ನೀರು ಘಟಪ್ರಭೆಯೊಳಗೆ ಏರಿತು, ಘಟಪ್ರಭೆ ಊರೊಳಗೆ ಏರಿತು. ಈಗ ಅಲ್ಲಿ ನೀರು ನಿಲ್ಲುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಬಹುದು ಎಂದು ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. ನಾಲ್ಕೂವರೆ ಮೀಟರಿಗಿಂತ ಚೂರು ಜಾಸ್ತಿ. ಒಂದು ಮಾಳಿಗೆ ಮನೆ, ಅದರ ಮೇಲೆ ಒಬ್ಬ ಆಳು ನಿಂತಷ್ಟು. ಅಷ್ಟು ಏರಿದರೆ ಇನ್ನಷ್ಟು ಹಳ್ಳಿಗಳು, ಹಳೇ ಬಾಗಲಕೋಟೆಯ ಉಳಿದ ಓಣಿಗಳಲ್ಲಿ ಇನ್ನಷ್ಟು ನೀರಿಗೆ ಹೋಗುತ್ತವೆ. ಬೆಳೆಗೆ ನೀರು ಬೇಕು, ಅದನ್ನು ನಾನು ಬೇಡ ಅನ್ನುವುದಿಲ್ಲ. ನನ್ನ ತವರಿನವರೇ ಕಾಲುವೆ ನೀರಿಗೆ ಕಾದು ಕೂತಿದ್ದಾರೆ.

ಆದರೆ ಮನೆ ಖಾಲಿ ಮಾಡುವಾಗ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ತೊಲೆ, ಜಂತಿ, ಬಾಗಿಲು, ಚೌಕಟ್ಟು ಬಿಚ್ಚುತ್ತಾರೆ, ಅದಕ್ಕೆ ಬೆಲೆ ಇದೆ. ಆಮೇಲೆ ಪಾತ್ರೆ, ಹಾಸಿಗೆ, ಕಾಳು. ಫೋಟೊಗಳು ಕಡೇ ಟೆಂಪೊದಲ್ಲಿ, ಒರಳುಕಲ್ಲಿನ ಪಕ್ಕದಲ್ಲಿ. ಗಾಜು ಒಡೆದು ಫೋಟೊ ಗೀರಾಗಿರುತ್ತದೆ. ಹೊಸ ಮನೆಯಲ್ಲಿ ಸೊಸೆ ಕೇಳುತ್ತಾಳೆ, "ಇವರು ಯಾರು?" ಗಂಡನಿಗೂ ಗೊತ್ತಿಲ್ಲ. ಗೊತ್ತಿರುವ ಮುದುಕಿ ಮೂರು ಕಿಲೋಮೀಟರು ದೂರದ ಇನ್ನೊಂದು ಸೆಕ್ಟರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೀಗೆ ಎರಡು ಸಲ ಕೇಳಿ, ಮೂರನೇ ಸಲ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಆ ಫೋಟೊ ರದ್ದಿಗೆ ಹೋಗುತ್ತದೆ. ಇದರಲ್ಲಿ ಸೊಸೆಯ ತಪ್ಪೇನೂ ಇಲ್ಲ.

ಇನ್ನೊಂದು ಮಾತು. ನಮ್ಮ ಮನೆಯ ಮುಂಬಾಗಿಲಿನ ಒಂದೇ ಒಂದು ಫೋಟೊ ಇದ್ದರೆ ಅದು ಸರ್ಕಾರದ ಹತ್ತಿರ ಇದೆ. ಮನೆ ಅಳೆಯಲು ಬಂದವರು ಅಪ್ಪನ ಕೈಗೆ ನಂಬರು ಬರೆದ ಸ್ಲೇಟು ಕೊಟ್ಟು, ಕಟ್ಟೆಯ ಮೇಲೆ ನಿಲ್ಲಿಸಿ ತೆಗೆದಿದ್ದರು. ಅಪ್ಪ ಅವತ್ತು ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ "ಮನೀದು ಕಡೀ ಫೋಟೊ ಅಲ್ಲೇನ" ಅಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಅದರ ಒಂದು ನಕಲು ಕೇಳಲು ಹೋದೆ. ಕಡತ ಆ ಕಚೇರಿಯಲ್ಲಿದೆ ಅಂದರು. ಅಲ್ಲಿಗೆ ಹೋದೆ, ಈ ಕಚೇರಿಯಲ್ಲೇ ಇರಬೇಕು ಅಂದರು. ಯಾವ ಕಚೇರಿ ಎಂದು ಬರೆಯುವುದಿಲ್ಲ, ಜಗಳಕ್ಕೆ ನನಗೆ ವಯಸ್ಸಿಲ್ಲ. ಆದರೆ ಯೋಚನೆ ಮಾಡಿ. ಮುಳುಗಿದ ಊರುಗಳ ಕಡತಗಳಲ್ಲಿ ಹೀಗೆ ಎಷ್ಟು ಬಾಗಿಲುಗಳು, ಎಷ್ಟು ಕಟ್ಟೆಗಳು, ಇಸ್ತ್ರಿ ಮಾಡಿದ ಎಷ್ಟು ಧೋತರಗಳು ಕೂತಿರಬಹುದು! ಹೆಸರು, ನಂಬರು, ತಾರೀಕು ಎಲ್ಲ ಜೊತೆಗಿರುವ ಫೋಟೊಗಳು. ಇತಿಹಾಸ ಬರೆಯುವವರಿಗೆ ಇದಕ್ಕಿಂತ ಬೇಕೇ?

ಹಳೇ ಫೋಟೊ ಎಂದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಐಹೊಳೆ, ಬಾದಾಮಿ, ಪಟ್ಟದಕಲ್ಲು ಅನ್ನುತ್ತಾರೆ. ನಿಜ, ಕ್ಯಾಮೆರಾ ಇಲ್ಲಿಗೆ ಬಹಳ ಬೇಗ ಬಂತು. ಬಾಂಬೆ ಸರ್ಕಾರ 1855ರಲ್ಲೇ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಹಳೇ ಕಟ್ಟಡಗಳ ಫೋಟೊ ತೆಗೆಯಲು ಈ ಕಡೆ ಕಳಿಸಿತ್ತು. ಅವನ ನಂತರ ಆ ಕೆಲಸ ಡಾಕ್ಟರ್ ಪಿಗೌ ಎಂಬವನಿಗೆ ಹೋಯಿತು. 1866ರಲ್ಲಿ ಅವೆಲ್ಲ ಲಂಡನ್ನಿನಲ್ಲಿ ದೊಡ್ಡ ದೊಡ್ಡ ಪುಸ್ತಕಗಳಾಗಿ ಬಂದವು. ನೋಡಲು ಚೆನ್ನಾಗಿವೆ. ಆದರೆ ಊರು ಅವುಗಳಲ್ಲಿ ಇಲ್ಲ. ಆಗಿನ ಕ್ಯಾಮೆರಾಕ್ಕೆ ಬೆಳಕು ಬಹಳ ಹೊತ್ತು ಬೇಕಾಗಿತ್ತು, ನಡೆದಾಡುವವರು ಮೂಡುತ್ತಲೇ ಇರಲಿಲ್ಲ. ಆ ಕಾಲದ ಇಂಥ ಫೋಟೊಗಳಲ್ಲಿ ಕಂಬದ ಪಕ್ಕ ಒಬ್ಬ ಮನುಷ್ಯ ಕೂತಿದ್ದರೆ, ಕಂಬ ಎಷ್ಟು ಎತ್ತರ ಎಂದು ತಿಳಿಯಲಿ ಎಂದು ಕೂರಿಸಿದ್ದು. ಅಳತೆಗೋಲು ಇದ್ದ ಹಾಗೆ. ಅಳತೆಗೋಲಿಗೆ ಯಾರಾದರೂ ಹೆಸರು ಕೇಳುತ್ತಾರಾ?

ತಮಾಷೆ ಎಂದರೆ, ಐಹೊಳೆಯ ಒಂದು ಪ್ರಸಿದ್ಧ ಗುಡಿಗೇ ಒಬ್ಬ ಮನುಷ್ಯನ ಹೆಸರಿದೆ. ಆ ಗುಡಿಯೊಳಗೆ ಸಂಸಾರ ಮಾಡಿಕೊಂಡಿದ್ದ ಲಾಡಖಾನ್. ಆ ಗುಡಿ ಕಟ್ಟಿಸಿದವರ ಹೆಸರು ಕೇಳಿದರೆ ಊರಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಅಲ್ಲಿ ರೊಟ್ಟಿ ತಟ್ಟಿದವರ ಹೆಸರು ಉಳಿದಿದೆ. ಆದರೆ ಅವರ ಒಲೆ, ಅವರ ಹಗ್ಗದ ಮಂಚ ನೋಡಬೇಕು ಎಂದು ನನಗೆ ಆಸೆ.

ಬಿಗ್ಸ್ ಕಂಬ ನೋಡಿದ, ಬಾಸೆಲ್ ಮಿಷನ್ನಿನವರು ಜನರನ್ನು ನೋಡಿದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ನಮ್ಮ ಪಕ್ಕದ ಗುಳೇದಗುಡ್ಡ, ಇಲ್ಲೆಲ್ಲ ಅವರ ಕೇಂದ್ರಗಳಿದ್ದವು. ಶಾಲೆ, ನೇಕಾರಿಕೆ, ಸಂತೆ, ಮನೆ ಮುಂದೆ ಕೂತ ಕುಟುಂಬ, ಇಂಥದ್ದನ್ನೆಲ್ಲ ತೆಗೆದು ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಅವರ ಊರಿನ ಜನ ನೋಡಿ ದೇಣಿಗೆ ಕೊಡಲಿ ಎನ್ನುವ ಲೆಕ್ಕವೂ ಇತ್ತು ಬಿಡಿ. ಏನೇ ಇರಲಿ, ಜೋಪಾನವಾಗಿ ಇಟ್ಟಿದ್ದಾರೆ. ಈಗ ನವನಗರದಲ್ಲಿ ಕೂತು ಮೊಬೈಲಿನಲ್ಲೇ ಬಾಸೆಲ್ಲಿನ ಆ ಸಂಗ್ರಹ ತೆರೆದು ನೋಡಬಹುದು. ನಾನು ರಾತ್ರಿ ಹನ್ನೆರಡರವರೆಗೆ ನೋಡುತ್ತಾ ಕೂತಿದ್ದೇನೆ. ಪಾದ್ರಿಗಳ ಹೆಸರು ಸಿಗುತ್ತದೆ. ನಮ್ಮವರು ಹೆಚ್ಚಾಗಿ "ಒಬ್ಬ ನೇಕಾರ", "ಹೆಂಗಸರು", ಇಲ್ಲವೇ ಯಾವುದೋ ಒಂದು ಜಾತಿಯ ಹೆಸರು.

ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಯಾಕೆಂದರೆ ನಮ್ಮ ಮನೆಯ ಆಲ್ಬಮ್ಮಿನಲ್ಲೂ ಅಷ್ಟೂ ಬರೆದಿಲ್ಲ.

ಹಾಗಾದರೆ ಸಾದಾ ಮನೆಗಳ ಫೋಟೊಗಳಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ನಮ್ಮ ಮನೆಯದೇ ಇನ್ನೊಂದು ಫೋಟೊ ಇದೆ. ಅಂಗಳದಲ್ಲಿ ಕಾಕಾ ಹೊಸ ಸೈಕಲ್ಲು ಹಿಡಿದು ನಿಂತಿದ್ದಾರೆ. ಸೈಕಲ್ಲಿಗೆ ಕುಂಕುಮ, ಹೂವು. ನನ್ನ ಮೊಮ್ಮಗ ಅದನ್ನು ದೊಡ್ಡದು ಮಾಡಿ ನೋಡಿ, ಕಾಕಾನ ಕಾಲ ಹತ್ತಿರ ಇದ್ದ ದುಂಡನೆಯ ಕಲ್ಲನ್ನು ತೋರಿಸಿದ. "ಅಜ್ಜಿ, ಆಗಲೂ ಮ್ಯಾನ್‌ಹೋಲ್ ಇತ್ತಾ?"

ಅದು ಹಗೇವಿನ ಬಾಯಿಗೆ ಮುಚ್ಚಿದ ಕಲ್ಲು. ಅಂಗಳದ ನೆಲದೊಳಗೆ ಹೊಂಡ ತೆಗೆದು, ಒಳಗೆ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬೇಕಾದಾಗ ತೆಗೆದು ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯಬೇಕು. ಅವಸರ ಮಾಡಿ ಇಳಿದವರು ಉಸಿರುಕಟ್ಟಿ ಸತ್ತ ಕಥೆ ನಮ್ಮ ಕಡೆ ಊರಿಗೊಂದಿದೆ. ಬರಗಾಲ ಬಂದರೆ ಒಂದು ಮನೆತನ ಉಳಿಯುತ್ತಿದ್ದದ್ದು ಇದರಿಂದ. ಇದನ್ನೆಲ್ಲ ಅವನಿಗೆ ಹೇಳಿದೆ. "ಹಂಗಾರ ಅದು ಬ್ಯಾಂಕು" ಅಂದ. ಸರಿಯಾಗೇ ಹೇಳಿದ. ಈಗ ಆ ಹಗೇವಿನಲ್ಲಿ ಮೀನಿರಬಹುದು. ಹಗೇವಿನ ಫೋಟೊ ತೆಗೆಯಬೇಕೆಂದು ಯಾರೂ ತೆಗೆದಿಲ್ಲ. ತೆಗೆದದ್ದು ಸೈಕಲ್ಲಿನದು, ಹಗೇವು ಪುಕ್ಕಟೆಯಾಗಿ ಬಂತು.

ನಮ್ಮ ಭಾಗದ ಫೋಟೊಗಳಲ್ಲಿ ಇನ್ನೊಂದು ಜಾತಿ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಸತ್ತವರ ಫೋಟೊ. ಲಿಂಗಾಯತರ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ಕೂತು ಒಂದು ಫೋಟೊ ತೆಗೆಸುತ್ತಿದ್ದರು. ಹೊರಗಿನವರಿಗೆ ಭಯ ಆಗಬಹುದು. ಆದರೆ ಎಷ್ಟೋ ಮುದುಕಿಯರಿಗೆ ಜೀವನದಲ್ಲಿ ಇದ್ದದ್ದು ಅದೊಂದೇ ಫೋಟೊ. ಬದುಕಿದ್ದಾಗ ಆಕೆಯನ್ನು ಸ್ಟುಡಿಯೊಕ್ಕೆ ಕರೆದುಕೊಂಡು ಹೋಗುವ ಖರ್ಚು ಯಾರಿಗೂ ಬೇಕಾಗಿರಲಿಲ್ಲ. ಅಂಥ ಫೋಟೊಗಳಲ್ಲಿ ಸುತ್ತ ಕೂತವರನ್ನು ನೋಡಿ. ಮನೆತನದ ಪೂರಾ ಪಟ್ಟಿ ಅಲ್ಲೇ ಇರುತ್ತದೆ, ಮುನಿಸಿಕೊಂಡವರೂ ಅವತ್ತು ಬಂದಿರುತ್ತಾರೆ.

ಅದೂ ಇಲ್ಲದ ಮನೆಗಳಿವೆ. ಕ್ಯಾಮೆರಾ ಎಲ್ಲ ಓಣಿಗೂ ಹೋಗಲಿಲ್ಲ. ದಲಿತ ಕೇರಿಯಲ್ಲಿ, ಕೂಲಿಗೆ ಹೋಗುವವರ ಗುಡಿಸಲಿನಲ್ಲಿ ಹಳೇ ಫೋಟೊ ಹುಡುಕಿದರೆ ಸಿಗುವುದು 1993ರ ನಂತರದ್ದು. ಆ ವರ್ಷ ಮತದಾರರ ಗುರುತಿನ ಚೀಟಿ ಬಂತು. ನನ್ನ ಶಾಲೆಯ ಮಕ್ಕಳ ಮನೆಗಳಲ್ಲಿ ಗೋಡೆಗೆ ಹಾರ ಹಾಕಿದ ಅಜ್ಜಿಯ ಫೋಟೊ ನೋಡಿ ಇದು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುತ್ತಿತ್ತು. ಆ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ತುಂಬಿಸಿ ಕಟ್ಟು ಹಾಕಿಸಿರುತ್ತಿದ್ದರು. ಹೀಗಾಗಿ ಹಳೇ ಫೋಟೊ ಸಂಗ್ರಹ ಎಂದು ಬರೀ ವಾಡೆ, ದೇಸಾಯರ ಮನೆ, ಸಾಹುಕಾರರ ಮದುವೆ ತುಂಬಿಕೊಂಡರೆ ಅರ್ಧ ಊರು ಆಚೆ ಉಳಿಯುತ್ತದೆ. ಆ ಅರ್ಧ ಊರು ಹೆಚ್ಚಾಗಿ ಇರುವುದು ಬೇರೆಯವರ ಫೋಟೊಗಳ ಅಂಚಿನಲ್ಲಿ. ಬಂಡಿ ಹೊಡೆಯುವವನಾಗಿ, ಮದುವೆಯಲ್ಲಿ ನೀರು ತರುವವಳಾಗಿ. ಅವರನ್ನು ಗುರುತಿಸಬೇಕಾದರೆ ಕೇರಿಯ ಹಿರಿಯರನ್ನೂ ಅದೇ ಟೇಬಲ್ಲಿಗೆ, ಅದೇ ಕುರ್ಚಿಗೆ ಕರೆಯಬೇಕು. ಗುಡಿಯ ಕಟ್ಟೆಯ ಮೇಲೆ ಆ ಟೇಬಲ್ಲು ಹಾಕಿದರೆ ಅವರು ಬರುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಸ್ಟುಡಿಯೊಗಳ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ನೋವಾಗುತ್ತದೆ. ನಮ್ಮ ಕಡೆಯ ಒಂದು ತಾಲೂಕು ಊರಿನ ಹಳೇ ಸ್ಟುಡಿಯೊಕ್ಕೆ ಹೋಗಿದ್ದೆ. ಗೋಡೆಯ ಮೇಲೆ ಇನ್ನೂ ಆ ಪರದೆ ಇತ್ತು, ಕಂಬ, ಮೆಟ್ಟಿಲು, ದೂರದಲ್ಲಿ ಒಂದು ಕೊಳ. ಗಾಜಿನ ನೆಗೆಟಿವ್‌ಗಳು ಇದ್ದವಾ ಎಂದು ಕೇಳಿದೆ. "ಇದ್ವು ಅಕ್ಕಾರ, ಎರಡು ಪೆಟ್ಟಿಗಿ. ಬಿಸಿನೀರಾಗ ತೊಳದ ಕಟ್ಟು ಹಾಕೋ ಅಂಗಡಿಗೆ ಕೊಟ್ವಿ. ಗಾಜ ಚೊಲೊ ಇತ್ತು." ಅಂದರೆ ಒಂದು ಊರಿನ ಮುಖಗಳನ್ನೆಲ್ಲ ತೊಳೆದು, ಆ ಗಾಜಿನ ಹಿಂದೆ ದೇವರ ಫೋಟೊ ಹಾಕಿ ಮಾರಿದ್ದಾರೆ. ಆತನೇನು ಕೆಟ್ಟವನಲ್ಲ. ಚಹಾ ಕುಡಿಸಿ ಕಳಿಸಿದ. ಅದನ್ನು ಇಡಿ, ನಾವು ತೆಗೆದುಕೊಳ್ಳುತ್ತೇವೆ ಎಂದು ಯಾರೂ ಆತನಿಗೆ ಹೇಳಿರಲಿಲ್ಲ.

ಇನ್ನು ಹೊಸ ಪೀಡೆ, ಹಳೇ ಫೋಟೊಕ್ಕೆ ಬಣ್ಣ ತುಂಬುವ ಆ್ಯಪ್. ಆಯಿಯ ಅವ್ವನ ಒಂದು ಸ್ಟುಡಿಯೊ ಫೋಟೊ ಇದೆ. ನನ್ನ ತಮ್ಮನ ಮಗಳು ಪ್ರೀತಿಯಿಂದ ಬಣ್ಣ ತುಂಬಿಸಿ ಕಳಿಸಿದಳು. ಸೆರಗು ಕಡು ಕಂದು, ಹಣೆಗೆ ಕಪ್ಪು ಬೊಟ್ಟು, ಕುಬಸ ಬೂದಿ ಬಣ್ಣ. ಮುತ್ತಜ್ಜಿ ಸೂತಕದಲ್ಲಿ ಇದ್ದ ಹಾಗಿದ್ದಳು. ಹಳೇ ಕಾಲದ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ಇದ್ದದ್ದೆಲ್ಲ ಕಪ್ಪಾಗಿ ಮೂಡುತ್ತಿತ್ತು, ನೀಲಿ ಬೆಳ್ಳಗಾಗುತ್ತಿತ್ತು. ಅದಕ್ಕೇ ಆ ಫೋಟೊಗಳಲ್ಲಿ ಆಕಾಶ ಯಾವಾಗಲೂ ಬಿಳಿ, ಕುಂಕುಮ ಯಾವಾಗಲೂ ಕರಿ. ಇಳಕಲ್ ಸೀರೆಯ ಸೆರಗು ಕೆಂಪು ಎಂದು ನಮ್ಮ ಕಡೆಯ ಯಾವ ಹೆಂಗಸಾದರೂ ಕಣ್ಣು ಮುಚ್ಚಿ ಹೇಳುತ್ತಾಳೆ. ಆ್ಯಪ್ ಕಣ್ಣು ಬಿಟ್ಟುಕೊಂಡೇ ತಪ್ಪು ಹೇಳಿತು. ತುಂಬಿ ಖುಷಿಪಡಿ, ಬೇಡ ಅನ್ನುವುದಿಲ್ಲ. ಮೂಲವನ್ನು ಮಾತ್ರ ಹಾಗೇ ಉಳಿಸಿ, ಬಣ್ಣ ನಾವು ತುಂಬಿದ್ದು ಎಂದು ಬರೆಯಿರಿ.

ಈಗ ನನ್ನ ಬೇಡಿಕೆ.

ಸಚಿವರೇ, ನೀರಿಗೆ ಹೋಗುವ ಹಳ್ಳಿಗಳ ಪಟ್ಟಿ ನಿಮ್ಮ ಸರ್ಕಾರದ ಹತ್ತಿರ ಇದ್ದೇ ಇದೆ. ಆ ಊರುಗಳ ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳಿವೆ. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಮನೆ ಅಳೆಯುವ ಕೆಲಸ ಶುರುವಾಗುವ ಮುನ್ನ ಪ್ರತಿ ಊರಲ್ಲಿ ಎರಡು ದಿನ ಅಲ್ಲಿ ಫೋಟೊ ಸಂತೆ ಮಾಡಿ. ಸಾದಾ ಸ್ಕ್ಯಾನರು ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಅದೊಂದೇ ಊರಿಂದ ಊರಿಗೆ ಹೋಗಲಿ. ಕಾಲೇಜು ಓದುವ ಊರಿನ ಇಬ್ಬರು ಮಕ್ಕಳಿಗೆ ಅರ್ಧ ದಿನ ಕಲಿಸಿದರೆ ಸಾಕು. ಫೋಟೊದ ಮುಂಭಾಗದ ಜೊತೆಗೆ ಹಿಂಭಾಗವನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೊ ಮುದ್ರೆ, ಅರ್ಧ ಅಳಿಸಿದ ತಾರೀಕು, "ಚಿ. ಸೌ. ಅಕ್ಕನಿಗೆ" ಎಂಬ ಬರಹ ಎಲ್ಲ ಅಲ್ಲೇ ಇರುತ್ತದೆ. ಮೂಲ ಫೋಟೊ ಮಾತ್ರ ಮನೆಯವರ ಕೈಗೆ ಅವತ್ತೇ ವಾಪಸ್ ಹೋಗಬೇಕು. "ಇಟ್ಟು ಹೋಗಿ, ಆಮೇಲೆ ಕೊಡುತ್ತೇವೆ" ಎಂದರೆ ಒಬ್ಬರೂ ತರುವುದಿಲ್ಲ. ನಾನೂ ತರುವುದಿಲ್ಲ.

ಸ್ಕ್ಯಾನರಿಗಿಂತ ಮುಖ್ಯವಾದದ್ದು ಅದರ ಪಕ್ಕದ ಕುರ್ಚಿ. ಅದರಲ್ಲಿ ಊರಿನ ಎಂಬತ್ತು ದಾಟಿದ ಒಬ್ಬ ಅಜ್ಜಿಯೋ ಅಜ್ಜನೋ ಕೂತಿರಬೇಕು. ಒಬ್ಬರಿಗಿಂತ ಇಬ್ಬರು ವಾಸಿ, ಜಗಳಾಡುತ್ತಾರೆ, ಜಗಳದಲ್ಲಿ ನಿಜ ಹೊರಗೆ ಬರುತ್ತದೆ. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಣ ಕಡಿಮೆ ಬಿದ್ದರೆ ಸ್ಕ್ಯಾನರು ಮುಂದಿನ ವರ್ಷ ಬರಲಿ, ಕುರ್ಚಿ ಈ ವರ್ಷ ಹಾಕಿ. ಫೋಟೊ ಟ್ರಂಕಿನಲ್ಲಿ ಇನ್ನೂ ಹತ್ತು ವರ್ಷ ಇದ್ದೀತು.

ಸಂಗ್ರಹವಾದದ್ದು ಒಂದು ಪ್ರತಿ ರಾಜ್ಯ ಪತ್ರಾಗಾರಕ್ಕೆ, ಒಂದು ಪ್ರತಿ ಹೊಸ ಊರಿನ ಅರಿವು ಕೇಂದ್ರಕ್ಕೆ ಹೋಗಲಿ. ಎಲ್ಲವನ್ನೂ ಇಂಟರ್‌ನೆಟ್ಟಿಗೆ ಹಾಕುವುದು ಬೇಡ. ಸತ್ತವರ ಫೋಟೊ, ಮನೆ ಹೆಣ್ಣುಮಕ್ಕಳ ಫೋಟೊ ಹಾಕಬೇಕೋ ಬೇಡವೋ ಎಂದು ಮನೆಯವರನ್ನೇ ಕೇಳಿ, ಅವರು ಹೇಳಿದ ಹಾಗೆ ಮಾಡಿ.

ಮನೆ ಅಳೆಯುವ ಅಧಿಕಾರಿಗಳೇ, ನಿಮ್ಮ ಹತ್ತಿರ ಒಂದೇ ಕೇಳಿಕೆ. ಸ್ಲೇಟು ಹಿಡಿಸಿ ಹೇಗೂ ಫೋಟೊ ತೆಗೆಯುತ್ತೀರಿ. ಅದರ ಜೊತೆ ಇನ್ನೂ ನಾಲ್ಕು ತೆಗೆಯಿರಿ. ಅಡುಗೆಮನೆ, ಪಡಸಾಲೆ, ದನದ ಕೊಟ್ಟಿಗೆ, ಅಂಗಳ. ಮನೆಯವರೆಲ್ಲ ಸ್ಲೇಟಿಲ್ಲದೆ ಕಟ್ಟೆಯ ಮೇಲೆ ಕೂತಿರುವ ಒಂದನ್ನು ಅವರ ಮೊಬೈಲಿಗೆ ಅಲ್ಲೇ ಕಳಿಸಿ. ಹಿಂದಿನ ಕಡತಗಳಲ್ಲಿ ಇರುವುದರ ನಕಲು ಕೇಳಿಕೊಂಡು ಬಂದವರಿಗೆ ಕೊಡುವ ವ್ಯವಸ್ಥೆ ಮಾಡಿ. ನಾನು ಮೊದಲನೇ ಅರ್ಜಿ ಹಾಕುತ್ತೇನೆ.

ಇನ್ನು ನಮ್ಮ ಜನಕ್ಕೆ. ಸರ್ಕಾರ ಬರುವವರೆಗೆ ಕಾಯಬೇಡಿ. ಭಾನುವಾರ ಟ್ರಂಕು ತೆಗೆಯಿರಿ, ಮನೆಯ ಹಿರಿಯರ ಪಕ್ಕ ಕೂರಿ. ಹಳೇ ಕಾಗದದ ಫೋಟೊ ಇದ್ದರೆ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ, ಎಡದಿಂದ ಬಲಕ್ಕೆ. ಬಾಲ್ ಪೆನ್ನು ಬೇಡ, ಒತ್ತಿದ ಗುರುತು ಮುಖದ ಮೇಲೆ ಮೂಡುತ್ತದೆ. ನುಣುಪು ಪ್ಲಾಸ್ಟಿಕ್ ಹಿಂಬದಿಯ ಕಲರ್ ಫೋಟೊಗಳ ಮೇಲೆ ಪೆನ್ಸಿಲು ಹಿಡಿಯುವುದಿಲ್ಲ, ಅವುಗಳನ್ನು ಲಕೋಟೆಯಲ್ಲಿ ಇಟ್ಟು ಲಕೋಟೆಯ ಮೇಲೆ ಬರೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ. ನಾನು ಮಾಡಿಸಿ ಒಂದು ಫೋಟೊ ಕಳೆದುಕೊಂಡಿದ್ದೇನೆ, ಒಳಗೇ ಗುಳ್ಳೆ ಎದ್ದು ಹಳದಿಯಾಯಿತು, ಬಿಡಿಸಲು ಬರಲಿಲ್ಲ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಗಾಜಿನ ಸಮೇತ ನೆರಳಿನಲ್ಲಿಟ್ಟು ಫ್ಲಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆಯಿರಿ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಕೊಡದ ತಗ್ಗು ಆಮೇಲೆ ಕಾಣುವುದಿಲ್ಲ.

ಕಡೆಗೆ ನನ್ನ ಸ್ವಂತದ್ದೊಂದು. 1961ರ ಆ ಹೋಳಿ ಫೋಟೊದಲ್ಲಿ ಆಯಿಗೆ ಹೊಳೆಯದ ಇಬ್ಬರ ಪೈಕಿ ಒಬ್ಬರನ್ನು ಹೋದ ವರ್ಷ ಒಬ್ಬ ಹಿರಿಯರು ಗುರುತು ಹಿಡಿದರು. ಇನ್ನೊಬ್ಬ ಉಳಿದಿದ್ದಾನೆ. ಬಂಡಿಯ ಬಲಗಾಲಿಯ ಹತ್ತಿರ ನಿಂತ ಹುಡುಗ, ಹತ್ತು ಹನ್ನೆರಡು ವರ್ಷದವನು. ಅಂಗಿಯ ಮೇಲಿನ ಗುಂಡಿ ಇಲ್ಲ. ಹಲಗಿಯನ್ನು ಎದೆಗೆ ಒತ್ತಿ ಹಿಡಿದಿದ್ದಾನೆ, ಎಡಗೈಯಿಂದ ಬಾರಿಸುವವನಿರಬೇಕು, ಕೋಲು ಎಡಗೈಯಲ್ಲಿದೆ. ಎಡ ಹುಬ್ಬಿನ ಮೇಲೆ ಗಾಯದ ಗೆರೆ. ಇದ್ದರೆ ಈಗ ಎಪ್ಪತ್ತೈದರ ಮೇಲಿನ ವಯಸ್ಸು. ಕಿಲ್ಲಾ ಓಣಿಯವರೋ ವೆಂಕಟಪೇಟೆಯವರೋ, ಎಡಗೈಯಲ್ಲಿ ಹಲಗಿ ಬಾರಿಸುತ್ತಿದ್ದ ಅಜ್ಜ ನಿಮ್ಮ ಮನೆಯಲ್ಲಿ ಇದ್ದರೆ, ಇದ್ದಿದ್ದರೆ, ದಯವಿಟ್ಟು ತಿಳಿಸಿ. ಪೆನ್ಸಿಲು ಇಟ್ಟುಕೊಂಡಿದ್ದೇನೆ.

ಇಂತಿ,
ಹಳ್ಳದ ಆಚೆ ಮನೆ ಬಿಟ್ಟು ಬಂದ ಒಬ್ಬ ನಿವೃತ್ತ ಶಿಕ್ಷಕಿ
ನವನಗರ, ಬಾಗಲಕೋಟೆ